ಪತ್ತೇದಾರಿ ಕಥೆಗಳ ಕಿರುತೆರೆ ರೂಪಾಂತರಗಳು

ಪತ್ತೇದಾರಿ ಕಥೆಗಳ ಕಿರುತೆರೆ ರೂಪಾಂತರಗಳು ಎಂದರೆ ಅಪರಾಧ ಮತ್ತು ಅದರ ಶೋಧವನ್ನು ವಸ್ತುವಾಗಿ ಉಳ್ಳ ಕಥೆ, ಕಾದಂಬರಿಗಳನ್ನು ಆಧರಿಸಿ ದೂರದರ್ಶನ ವಾಹಿನಿಗಳಿಗಾಗಿ ನಿರ್ಮಿಸಲಾದ ಧಾರಾವಾಹಿಗಳು. ಆರ್ಥರ್ ಕಾನನ್ ಡಾಯ್ಲ್, ಅಗಾಥಾ ಕ್ರಿಸ್ಟಿ, ಶರದಿಂದು ಬಂದ್ಯೋಪಾಧ್ಯಾಯ ಮೊದಲಾದವರ ಕೃತಿಗಳು ಹೀಗೆ ತೆರೆಗೆ ಬಂದಿವೆ. ಇಂತಹ ಧಾರಾವಾಹಿಗಳಲ್ಲಿ ಕೆಲವು ಮೂಲ ಕೃತಿಯ ಕಾಲವನ್ನೇ ಉಳಿಸಿಕೊಂಡರೆ, ಕೆಲವು ಕಥೆಯನ್ನು ವರ್ತಮಾನಕ್ಕೆ ತಂದಿವೆ.

ಕಾಲಘಟ್ಟದ ಮಹತ್ವ

ಪತ್ತೇದಾರಿ ಕಥೆಯಲ್ಲಿ ಕಾಲಘಟ್ಟವು ಉಡುಗೆ ತೊಡುಗೆ, ವಾಹನ, ಪೀಠೋಪಕರಣಗಳಿಗೆ ಸೀಮಿತವಾದ ಅಲಂಕಾರವಲ್ಲ. ಕಥೆಯ ಸುಳಿವುಗಳು ಆಯಾ ಕಾಲದ ವಸ್ತು ಮತ್ತು ವ್ಯವಸ್ಥೆಗಳನ್ನೇ ಅವಲಂಬಿಸಿರುತ್ತವೆ. ಕ್ರಿಸ್ಟಿಯವರ 'ದಿ ಎ.ಬಿ.ಸಿ. ಮರ್ಡರ್ಸ್' (1936) ಕಾದಂಬರಿಯಲ್ಲಿ ಪ್ರತಿ ಶವದ ಬಳಿಯೂ ಅಂದಿನ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ರೈಲ್ವೆ ವೇಳಾಪಟ್ಟಿಯ ಪುಸ್ತಕ ಸಿಗುತ್ತದೆ. ಶರದಿಂದು ಅವರ 'ಪಥೇರ್ ಕಾಂಟಾ' (1932) ಕಥೆಯಲ್ಲಿ ಕೊಲೆಯ ಆಯುಧ ಗ್ರಾಮಫೋನಿನ ಮುಳ್ಳು. ಇಂತಹ ವಸ್ತುಗಳನ್ನು ತೆಗೆದುಹಾಕಿದರೆ ಕಥೆಯ ಕಟ್ಟು ಸಡಿಲಗೊಳ್ಳುತ್ತದೆ.

ಶೋಧನೆಯ ಸಾಧನಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಬೆರಳಚ್ಚು ವಿಭಾಗವೊಂದು ಕಲ್ಕತ್ತೆಯಲ್ಲಿ ಆರಂಭವಾದುದು 1897ರಲ್ಲಿ, ಡಿ.ಎನ್.ಎ. ಬೆರಳಚ್ಚಿನ ವಿಧಾನವನ್ನು ಅಲೆಕ್ ಜೆಫ್ರೀಸ್ ಕಂಡುಕೊಂಡುದು 1984ರಲ್ಲಿ. ಈ ಸೌಲಭ್ಯಗಳಿಲ್ಲದ ಕಾಲದ ಪತ್ತೇದಾರನು ಕಣ್ಣಿನ ನೋಟ, ಸಾಕ್ಷಿಗಳ ಮಾತು ಮತ್ತು ತರ್ಕವನ್ನೇ ನೆಚ್ಚಬೇಕಾಗಿತ್ತು. ಬ್ರಿಟನ್ನಿನಲ್ಲಿ ಕೊಲೆಗೆ ಮರಣದಂಡನೆಯನ್ನು 1965ರಲ್ಲಿ ಅಮಾನತುಗೊಳಿಸಲಾಯಿತು. ಅದಕ್ಕೂ ಹಿಂದಿನ ಕಾಲದ ಕಥೆಗಳಲ್ಲಿ ತಪ್ಪು ವ್ಯಕ್ತಿಯ ಮೇಲೆ ಆರೋಪ ಸಾಬೀತಾದರೆ ನಿರಪರಾಧಿಯು ಗಲ್ಲಿಗೇರುವ ಸಂಭವವಿತ್ತು. ಆದುದರಿಂದ ಸತ್ಯಶೋಧನೆಯು ಅಲ್ಲಿ ಬುದ್ಧಿಯ ಆಟವಷ್ಟೇ ಆಗಿರದೆ ಜೀವ ಉಳಿಸುವ ಕಾರ್ಯವೂ ಆಗಿದೆ.

ಪ್ರಮುಖ ವಿದೇಶಿ ರೂಪಾಂತರಗಳು

ಷರ್ಲಾಕ್ ಹೋಮ್ಸ್ ಪಾತ್ರವು 1887ರಲ್ಲಿ ಮೊದಲು ಕಾಣಿಸಿಕೊಂಡಿತು. ಕಾನನ್ ಡಾಯ್ಲ್ ಈ ಪಾತ್ರವನ್ನು ಕುರಿತು 4 ಕಾದಂಬರಿ ಮತ್ತು 56 ಸಣ್ಣಕಥೆಗಳನ್ನು ರಚಿಸಿದರು. ಬ್ರಿಟನ್ನಿನ ಗ್ರನಾಡಾ ಸಂಸ್ಥೆಯು 1984ರಿಂದ 1994ರವರೆಗೆ ನಿರ್ಮಿಸಿದ ಸರಣಿಯಲ್ಲಿ ಜೆರೆಮಿ ಬ್ರೆಟ್ ಹೋಮ್ಸ್ ಪಾತ್ರ ವಹಿಸಿದರು. ಇದಕ್ಕಾಗಿ ಮ್ಯಾಂಚೆಸ್ಟರಿನಲ್ಲಿ ಬೇಕರ್ ಸ್ಟ್ರೀಟಿನ ಸೆಟ್ ನಿರ್ಮಿಸಲಾಗಿತ್ತು. ಮೂಲ ಕಥೆಗಳಿಗೆ ಸಿಡ್ನಿ ಪ್ಯಾಜೆಟ್ ಬರೆದ ಚಿತ್ರಗಳನ್ನು ಹಲವು ದೃಶ್ಯಗಳ ಸಂಯೋಜನೆಯಲ್ಲಿ ಅನುಸರಿಸಲಾಯಿತು. ಸೋವಿಯತ್ ಒಕ್ಕೂಟದಲ್ಲಿ ಇಗೋರ್ ಮಾಸ್ಲೆನ್ನಿಕೋವ್ ನಿರ್ದೇಶನದ ಸರಣಿಯು 1979ರಿಂದ ಪ್ರಸಾರವಾಯಿತು. ಅದರಲ್ಲಿ ರೀಗಾ ನಗರದ ಬೀದಿಯೊಂದು ಲಂಡನ್ನಾಗಿ ಕಾಣಿಸಿಕೊಂಡಿತು.

ಕ್ರಿಸ್ಟಿಯವರ ಪ್ವಾರೊ ಕಾದಂಬರಿಗಳು 1920ರಿಂದ 1975ರವರೆಗೆ ಪ್ರಕಟವಾದವು. ಡೇವಿಡ್ ಸುಶೆ ನಟಿಸಿದ 70 ಕಂತುಗಳ ಸರಣಿಯು (1989–2013) ಇವುಗಳಲ್ಲಿ ಹೆಚ್ಚಿನವನ್ನು 1930ರ ದಶಕದಲ್ಲಿಯೇ ನೆಲೆಗೊಳಿಸಿತು.

ಬಿ.ಬಿ.ಸಿ.ಯ 'ಷರ್ಲಾಕ್' (2010–2017) ಭಿನ್ನ ಮಾರ್ಗವನ್ನು ಹಿಡಿಯಿತು. ಮೂಲ ಕಾದಂಬರಿಯಲ್ಲಿ ಹೋಮ್ಸ್ ಜೇಬುಗಡಿಯಾರದ ಕೀಲಿರಂಧ್ರದ ಸುತ್ತಲಿನ ಗೀರುಗಳಿಂದ ಅದರ ಒಡೆಯ ಮದ್ಯವ್ಯಸನಿ ಎಂದು ಊಹಿಸುತ್ತಾನೆ. ಹೊಸ ಸರಣಿಯಲ್ಲಿ ಗಡಿಯಾರದ ಸ್ಥಾನವನ್ನು ಮೊಬೈಲ್ ಫೋನ್ ಪಡೆಯಿತು. ಚಾರ್ಜರ್ ಚುಚ್ಚುವ ಜಾಗದ ಗೀರುಗಳು ಅದೇ ತೀರ್ಮಾನಕ್ಕೆ ದಾರಿ ತೋರಿದವು. ಅಫ್ಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ಮರಳಿದ ವೈದ್ಯ ವಾಟ್ಸನ್ ಮಾತ್ರ ಎರಡೂ ಕಾಲಗಳಲ್ಲಿ ಬದಲಾಗದೆ ಉಳಿದನು.

ಭಾರತದಲ್ಲಿ

ಭಾರತದಲ್ಲಿ ಈ ಪ್ರಕಾರದ ಪ್ರಸಿದ್ಧ ಉದಾಹರಣೆ ಬಾಸು ಚಟರ್ಜಿ ನಿರ್ದೇಶನದ 'ಬ್ಯೋಮಕೇಶ್ ಬಕ್ಷಿ'. ಇದರ ಮೊದಲ ಭಾಗ 1993ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು; 1997ರಲ್ಲಿ ಎರಡನೆಯ ಭಾಗ ಬಂದಿತು. ರಜಿತ್ ಕಪೂರ್ ಬ್ಯೋಮಕೇಶನಾಗಿ, ಕೆ.ಕೆ. ರೈನಾ ಅವನ ಗೆಳೆಯ ಅಜಿತನಾಗಿ ಅಭಿನಯಿಸಿದರು. ಬ್ಯೋಮಕೇಶನು ತನ್ನನ್ನು ಪತ್ತೇದಾರ ಎಂದು ಕರೆದುಕೊಳ್ಳದೆ 'ಸತ್ಯಾನ್ವೇಷಿ' ಎಂದು ಕರೆದುಕೊಳ್ಳುತ್ತಾನೆ. ಧೋತಿ ಉಟ್ಟ ಪತ್ತೇದಾರ, ಬಾಡಿಗೆ ಕೋಣೆಗಳು, ಹಳೆಯ ಕಲ್ಕತ್ತೆಯ ಮಧ್ಯಮವರ್ಗದ ಮನೆಗಳು ಈ ಸರಣಿಯ ಆವರಣವಾಗಿದ್ದವು. ಇದಕ್ಕೆ ಮೊದಲು, 1986ರಲ್ಲಿ, ಸತ್ಯಜಿತ್ ರಾಯ್ ಅವರ ಫೆಲೂದಾ ಕಾದಂಬರಿಯೊಂದನ್ನು ಆಧರಿಸಿದ 'ಕಿಸ್ಸಾ ಕಾಠ್ಮಂಡು ಕಾ' ಪ್ರಸಾರವಾಗಿತ್ತು. ಸಂದೀಪ್ ರಾಯ್ ನಿರ್ದೇಶಿಸಿದ ಈ ಸರಣಿಯಲ್ಲಿ ಶಶಿ ಕಪೂರ್ ನಾಯಕರಾಗಿದ್ದರು.

ಕನ್ನಡದಲ್ಲಿ

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಜನಪ್ರಿಯಗೊಳಿಸಿದವರಲ್ಲಿ ಮ. ರಾಮಮೂರ್ತಿ ಮತ್ತು ಎನ್. ನರಸಿಂಹಯ್ಯ ಪ್ರಮುಖರು. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ರಚಿಸಿದ್ದು, ಅವರ ಪತ್ತೇದಾರ ಪುರುಷೋತ್ತಮನ ಪಾತ್ರ ಓದುಗರಲ್ಲಿ ಮನೆಮಾತಾಗಿತ್ತು.

ಕಿರುತೆರೆಯಲ್ಲಿ ರಹಸ್ಯ ಕಥೆಯ ಹೆಸರಾಂತ ಉದಾಹರಣೆ ಸದಾನಂದ ಸುವರ್ಣ ನಿರ್ದೇಶಿಸಿದ 'ಗುಡ್ಡದ ಭೂತ'. 1990ರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ಈ ಧಾರಾವಾಹಿಯು ಸುವರ್ಣರದೇ ತುಳು ನಾಟಕದಿಂದ ರೂಪುಗೊಂಡಿತು. ಪ್ರಕಾಶ್ ರೈ ಇದರಲ್ಲಿ ನಟಿಸಿದ್ದರು. ಇದರ ಶೀರ್ಷಿಕೆ ಗೀತೆಯು 2015ರ 'ರಂಗಿತರಂಗ' ಚಲನಚಿತ್ರದ ಮೂಲಕ ಹೊಸ ಪೀಳಿಗೆಗೂ ಪರಿಚಯವಾಯಿತು.

ಮಲೆನಾಡು ಮತ್ತು ಕಾಫಿ ಸೀಮೆ

ಆಲ್ದೂರು, ಮೂಡಿಗೆರೆ, ಕಳಸಗಳನ್ನು ಒಳಗೊಂಡ ಚಿಕ್ಕಮಗಳೂರಿನ ಕಾಫಿ ಸೀಮೆಯ ಬದುಕು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಬರಹಗಳ ಮೂಲಕ ಕನ್ನಡ ಸಾಹಿತ್ಯದಲ್ಲಿ ನೆಲೆಯಾಯಿತು. ಮೂಡಿಗೆರೆಯಲ್ಲಿ ನೆಲೆಸಿದ್ದ ಅವರು 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿ 'ಕುಬಿ ಮತ್ತು ಇಯಾಲ' ಕಥೆಯನ್ನು ಸೇರಿಸಿದರು. ಹಳ್ಳಿಗೆ ಬಂದ ವೈದ್ಯ ಕುಬಿಯು ಇಯಾಲಳ ಸಾವಿನ ಕಾರಣವನ್ನು ಅರಸುವುದು ಇದರ ವಸ್ತು. ಇಲ್ಲಿ ಶೋಧಕನು ವೃತ್ತಿಪರ ಪತ್ತೇದಾರನಲ್ಲ. ಸದಾನಂದ ಸುವರ್ಣರೇ ಈ ಕಥೆಯನ್ನು ಚಲನಚಿತ್ರವಾಗಿಸಿದರು. ಕುಬಿಯ ಪಾತ್ರವನ್ನು ಚಾರುಹಾಸನ್ ನಿರ್ವಹಿಸಿದರು. ತೇಜಸ್ವಿಯವರ 'ಜುಗಾರಿ ಕ್ರಾಸ್' (1994) ಕಾದಂಬರಿಯೂ ಮಲೆನಾಡಿನ ಕಾಡು ಮತ್ತು ಏಲಕ್ಕಿ ವ್ಯಾಪಾರದ ಹಿನ್ನೆಲೆಯಲ್ಲಿ ಸಾಗುವ ರೋಚಕ ಕಥೆಯಾಗಿದೆ.

ಹಿಂದಿನ ಕಾಲವನ್ನು ಕಿರುತೆರೆಯಲ್ಲಿ ಮರುಸೃಷ್ಟಿಸಲು ಮಲೆನಾಡು ಬಳಕೆಯಾದುದಕ್ಕೆ ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಸಾಕ್ಷಿ. ಆರ್.ಕೆ. ನಾರಾಯಣರ ಕೃತಿಗಳನ್ನು ಆಧರಿಸಿದ ಈ ಸರಣಿಯು ಪತ್ತೇದಾರಿ ಪ್ರಕಾರಕ್ಕೆ ಸೇರಿದುದಲ್ಲವಾದರೂ, ಶಿವಮೊಗ್ಗ ಜಿಲ್ಲೆಯ ಆಗುಂಬೆಯ ಹಳೆಯ ಮನೆ ಮತ್ತು ಬೀದಿಗಳನ್ನು ಸ್ವಾತಂತ್ರ್ಯಪೂರ್ವದ ಪಟ್ಟಣವಾಗಿ ತೋರಿಸಿತು.