ಗಾಯ ಮಾಯಬೇಕು, ದಾಖಲೆ ಮಾಯವಾಗಬಾರದು

ಅದು 1791ರ ಮೇ ತಿಂಗಳು. ಟಿಪ್ಪು ಸುಲ್ತಾನನ ರಾಜಧಾನಿ ಶ್ರೀರಂಗಪಟ್ಟಣದ ಹೊಸ್ತಿಲವರೆಗೆ ಬಂದಿದ್ದ ಇಂಗ್ಲಿಷ್ ದಳಪತಿ ಕಾರ್ನ್‌ವಾಲಿಸನ ಸೈನ್ಯ ಹಿಂದಿರುಗಬೇಕಾಯಿತು. ಬಂಡಿ ಎಳೆಯುವ ಎತ್ತುಗಳು ಮೇವಿಲ್ಲದೆ ಸಾಲುಸಾಲಾಗಿ ಸತ್ತಿದ್ದವು. ಕೋಟೆ ಒಡೆಯಲೆಂದು ತಂದ ದೊಡ್ಡ ಫಿರಂಗಿಗಳನ್ನು ಸಾಗಿಸಲಾಗದೆ, ಆತ ತಾನೇ ಹಾಳುಗೆಡವಿ ನಡೆದ. ಬಾರಕೂರು, ಬ್ರಹ್ಮಾವರಗಳ ನಮ್ಮ ಕರಾವಳಿಯೂ ಆಗ ಟಿಪ್ಪುವಿನ ಆಳ್ವಿಕೆಗೇ ಸೇರಿತ್ತು. ಎತ್ತು ಇಲ್ಲದೆ ದಂಡು ಇಲ್ಲ ಎಂಬುದನ್ನು ಆ ಯುದ್ಧ ಟಿಪ್ಪುವಿಗೂ ಇಂಗ್ಲಿಷರಿಗೂ ಕಲಿಸಿತ್ತು. ಎತ್ತು ಹೊಡೆಯುವವನನ್ನು ಸೆರೆಹಿಡಿಯುವುದೂ ಆಗ ಯುದ್ಧದ ಒಂದು ಕೆಲಸವೇ ಆಗಿತ್ತು.

ಹಾಗೆ ಸೆರೆಸಿಕ್ಕವನು ಕಾವಸ್ಜಿ. ಮರಾಠಾ ಒಕ್ಕಲಿನವನು, 1792ರ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತು ಹೊಡೆಯುವ ಆಳು. ಟಿಪ್ಪುವಿನ ಕಡೆಯವರು ಆತನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಆ ಸ್ಥಿತಿಯಲ್ಲೇ ಆತ ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೇನೆಯನ್ನು ಮತ್ತೆ ಸೇರಿಕೊಂಡ. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬದುಕಿದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಂಬಾರನೊಬ್ಬ ಆತನಿಗೆ ಹೊಸ ಮೂಗು ಕಟ್ಟಿದ. ಮುಂಬಯಿ ಪ್ರಾಂತ್ಯದ ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರು.

ಕುಂಬಾರನ ಕೈಚಳಕ ಹೀಗಿತ್ತು. ಮೊದಲು ಮೇಣದ ತೆಳು ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನೇ ಬಿಚ್ಚಿ ಹಣೆಯ ಮೇಲಿಟ್ಟು ಗೆರೆ ಎಳೆದ. ಆ ಗೆರೆಯಂತೆ ಚರ್ಮವನ್ನು ಬಿಡಿಸಿ, ಎರಡು ಕಣ್ಣುಗಳ ನಡುವೆ ಮಾತ್ರ ಸಣ್ಣ ಪಟ್ಟಿಯೊಂದನ್ನು ಉಳಿಸಿದ. ಆ ಪಟ್ಟಿಯಿಂದಲೇ ರಕ್ತ ಹರಿಯಬೇಕು, ಹೊಸ ಜಾಗಕ್ಕೆ ಕೂಡಿಕೊಳ್ಳುವ ಮೊದಲೇ ಅದು ಕಡಿದರೆ ಚರ್ಮ ಸಾಯುತ್ತದೆ. ಬಿಡಿಸಿದ ಚರ್ಮವನ್ನು ತಿರುಚಿ ಕೆಳಗಿಳಿಸಿ, ಮೂಗಿನ ಅಂಚಿಗೆ ಕೂಡಿಸಿ, ನೀರಿನಲ್ಲಿ ಕದಡಿದ ಕಾಚಿನ ಬಟ್ಟೆಪಟ್ಟಿಗಳನ್ನು ಐದಾರು ಪದರ ಅಂಟಿಸಿದ. ನಾಲ್ಕು ದಿನ ಬೇರೆ ಔಷಧವಿಲ್ಲ. ಆಮೇಲೆ ತುಪ್ಪದ ಬಟ್ಟೆ. ಐದಾರು ದಿನ ರೋಗಿ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಕೊಳ್ಳದಂತೆ ಮೆತ್ತನೆಯ ಬಟ್ಟೆ ತುರುಕಬೇಕು. ಇಪ್ಪತ್ತೈದನೆಯ ದಿನದ ಹೊತ್ತಿಗೆ ಕಣ್ಣುಗಳ ನಡುವಿನ ಚರ್ಮದ ಪಟ್ಟಿ ಕತ್ತರಿಸಬೇಕು. ಕತ್ತಿಯ ಕೆಲಸ ಒಂದು ಗಳಿಗೆಯದು. ಆರೈಕೆಯ ಕೆಲಸ ತಿಂಗಳಿನದು ಎಂಬುದು ಕುಂಬಾರನಿಗೆ ತಿಳಿದಿತ್ತು.

1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಈ ವೃತ್ತಾಂತವನ್ನು ಚಿತ್ರಸಮೇತ ಪ್ರಕಟಿಸಿತು. ಅದನ್ನು ಅಭ್ಯಾಸ ಮಾಡಿದ ಇಂಗ್ಲಿಷ್ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಸೇನಾಧಿಕಾರಿಯೊಬ್ಬನಿಗೆ ಅದೇ ಕ್ರಮದಲ್ಲಿ ಮೂಗು ಕಟ್ಟಿ, 1816ರಲ್ಲಿ ಗ್ರಂಥ ಬರೆದ. ಯುರೋಪು ಅದನ್ನು ಭಾರತೀಯ ಪದ್ಧತಿ ಎಂದೇ ಕರೆಯಿತು.

ನೂರು ವರ್ಷ ಕಳೆಯುವಷ್ಟರಲ್ಲಿ ಯುದ್ಧದ ಬೆಂಕಿ ಬೆಳೆದಿತ್ತು. 1916ರ ಜಟ್‌ಲೆಂಡ್ ಸಮರದಲ್ಲಿ ಸಿಡಿಮದ್ದಿನಿಂದ ಮುಖ ಸುಟ್ಟ ನಾವಿಕ ವಿಕರೇಜನಿಗೆ 1917ರಲ್ಲಿ ಶಸ್ತ್ರವೈದ್ಯ ಹೆರಾಲ್ಡ್ ಗಿಲ್ಲೀಸ್ ಎದೆಯ ಚರ್ಮವನ್ನು ಎತ್ತಿ ಮುಖ ಕಟ್ಟಿದರು. ರಕ್ತ ಹರಿಯುವ ಸೇತುವೆಯನ್ನು ಕಡಿಯದಿರುವ ಕುಂಬಾರನ ನಿಯಮವೇ ಅಲ್ಲಿಯೂ ನಡೆಯಿತು. ಎರಡನೆಯ ಮಹಾಯುದ್ಧದಲ್ಲಿ ಶಸ್ತ್ರವೈದ್ಯ ಆರ್ಚಿಬಾಲ್ಡ್ ಮ್ಯಾಕಿಂಡೋ, ಸಮುದ್ರಕ್ಕೆ ಬಿದ್ದ ವೈಮಾನಿಕರ ಸುಟ್ಟಗಾಯಗಳು ಚೆನ್ನಾಗಿ ಮಾಯುವುದನ್ನು ಗಮನಿಸಿ ಉಪ್ಪುನೀರಿನ ಸ್ನಾನವನ್ನು ರೂಢಿಗೆ ತಂದರು. ಆ ರೋಗಿಗಳು 1941ರಲ್ಲಿ ಗಿನಿಪಿಗ್ ಕ್ಲಬ್ ಎಂಬ ಸಂಘ ಕಟ್ಟಿಕೊಂಡು ವರ್ಷ ವರ್ಷ ಕೂಡಿದರು.

ಅಂಥ ಜತೆ ಯಾಕೆ ಬೇಕಾಯಿತು? ಸುಟ್ಟಗಾಯ ಮುಚ್ಚಿದ ದಿನ ಚಿಕಿತ್ಸೆ ಮುಗಿಯುವುದಿಲ್ಲ. ಕಲೆ ತಿಂಗಳುಗಟ್ಟಲೆ ದಪ್ಪವಾಗುತ್ತ ಬಿಗಿಯುತ್ತದೆ. ಬೆರಳು ಮಡಚಿದಲ್ಲೇ ಸೆಟೆಯುತ್ತದೆ, ಗದ್ದ ಎದೆಯತ್ತ ಎಳೆದುಕೊಳ್ಳುತ್ತದೆ. ಅದಕ್ಕೇ ಕಲೆಯನ್ನು ಒತ್ತಿಹಿಡಿಯುವ ಬಿಗಿ ಉಡುಪನ್ನು ದಿನಕ್ಕೆ ಸುಮಾರು 23 ಗಂಟೆ ತೊಡಿಸುತ್ತಾರೆ, ಕೀಲುಗಳಿಗೆ ದಿನವೂ ವ್ಯಾಯಾಮ ಮಾಡಿಸುತ್ತಾರೆ. ಕಸಿ ಮಾಡಿದ ಚರ್ಮ ಸರಿಯಾಗಿ ಬೆವರುವುದಿಲ್ಲ. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ ಅಂಥ ಮೈಗೆ ಒಳಗಿನ ಕಾವು ಹೊರಹೋಗುವ ದಾರಿಯೇ ಕಿರಿದು. ಹತ್ತಾರು ವರ್ಷ ಹಳೆಯ ಕಲೆಯಲ್ಲಿ ಮಾಯದ ಹುಣ್ಣು ಎದ್ದರೆ ಅದು ಕ್ಯಾನ್ಸರ್ ಇರಲೂಬಹುದು. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಕಟ್ಟಿದ್ದು ಈ ಸೀಮೆಗೆ ಭಾಗ್ಯ. ಮಾಜಿ ಸೈನಿಕರಿಗೆ 2003ರಿಂದ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆಯೂ ಇದೆ.

ಆದರೆ ವೈದ್ಯನ ಕೈಯಷ್ಟೇ ಸಾಲದು, ಬರಹವೂ ಬೇಕು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾವಿನ ಕಾರಣಗಳ ಪಟ್ಟಿಗೆ ಸಾವು ತರದ ಕಾಯಿಲೆ, ಗಾಯಗಳನ್ನೂ ಸೇರಿಸಿತು. ಆ ಪಟ್ಟಿಯ ಹತ್ತನೆಯ ಪರಿಷ್ಕರಣೆಯಲ್ಲಿ ಯುದ್ಧದ ಬೆಂಕಿಗೆ ವೈ36.3, ಹಳೆಯ ಸುಟ್ಟಗಾಯದ ಉಳಿಕೆಗೆ ಟಿ95, ಯುದ್ಧದ ಉಳಿಕೆಗೆ ವೈ89.1 ಎಂಬ ಸಂಕೇತಗಳಿವೆ. ಬಿಗಿದ ಬೆರಳಿನ ಹೆಸರನ್ನಷ್ಟೇ ಬರೆದು ಅದರ ಹಿಂದಿನ ಯುದ್ಧವನ್ನು ಬಿಟ್ಟರೆ, ಮುಂದಿನ ವೈದ್ಯನಿಗೆ ಕಾಣುವುದು ಬೆರಳೊಂದೇ. ಆ ಬೆಂಕಿ ಕಾಣುವುದಿಲ್ಲ.

ಕಾವಸ್ಜಿ ಈಸ್ಟ್ ಇಂಡಿಯಾ ಕಂಪನಿಯ ಪಿಂಚಣಿದಾರ ಎಂದು ಜೆಂಟಲ್‌ಮನ್ಸ್ ಮ್ಯಾಗಜೀನ್ ಹೇಳಿತು. ಆತನ ಹೆಸರು, ಆತನ ಮುಖ, ಆತನಿಗೆ ಸಂದ ಪಿಂಚಣಿ, ಎಲ್ಲವೂ ಕಾಗದಕ್ಕೆ ಇಳಿದದ್ದರಿಂದ ಇಂದಿಗೂ ಉಳಿದಿವೆ. ಆ ಮೂಗು ಕಟ್ಟಿದ ಕುಂಬಾರನ ಹೆಸರನ್ನು ಆ ವೃತ್ತಾಂತ ಬರೆದವರು ಬರೆಯಲಿಲ್ಲ. ಜಗತ್ತಿಗೇ ಒಂದು ವಿದ್ಯೆ ಕಲಿಸಿದ ಆ ಕೈ ಇಂದು ಹೆಸರಿಲ್ಲದ ಕೈ. ಗಡಿಯಿಂದ ಬೆಂದು ಮರಳಿದ ಯಾವ ಯೋಧನ ಮೈಯೂ ಹಾಗೆ ಹೆಸರಿಲ್ಲದೆ ಹೋಗದಿರಲಿ.