ಲೇತ್ ಯಂತ್ರದ ಮೂರು ಪ್ರಶ್ನೆಗಳು

ನಮ್ಮ ಹುಡುಗರಲ್ಲಿ ಅನೇಕರು ಹತ್ತನೆಯ ತರಗತಿಯ ನಂತರ ಐ.ಟಿ.ಐ. ಸೇರಿ ಟರ್ನರ್ ಕೆಲಸ ಕಲಿಯುತ್ತಾರೆ. ಕೆಲವರು ನೇರವಾಗಿ ವರ್ಕ್‌ಶಾಪಿಗೆ ಹೋಗಿ ಉಸ್ತಾದರ ಕೈಕೆಳಗೆ ನಿಲ್ಲುತ್ತಾರೆ. ಯಾವ ಟೂಲ್ ಹಾಕಬೇಕು, ಕಬ್ಬಿಣವನ್ನು ಎಷ್ಟು ವೇಗದಲ್ಲಿ ತಿರುಗಿಸಬೇಕು, ಒಂದು ಸುತ್ತಿಗೆ ಟೂಲ್ ಎಷ್ಟು ಮುಂದೆ ಸರಿಯಬೇಕು, ಅಂದರೆ ಫೀಡ್ ಎಷ್ಟಿರಬೇಕು ಎಂಬ ಮೂರು ಪ್ರಶ್ನೆಗಳಿಗೂ ಉಸ್ತಾದರ ಬಳಿ ಉತ್ತರವಿದೆ. ಆ ಉತ್ತರ ಬಹಳ ಕಾಲ ಅವರ ಕೈಯಲ್ಲೇ ಉಳಿದಿತ್ತು. ಅದು ಕಾಗದಕ್ಕೆ ಇಳಿದದ್ದು ಹೇಗೆ ಎಂದು ತಿಳಿಯಲು ನಾವು ಅಮೆರಿಕದ ಫಿಲಡೆಲ್ಫಿಯಾ ನಗರಕ್ಕೆ ಹೋಗಬೇಕು.

ಫ್ರೆಡರಿಕ್ ವಿನ್‌ಸ್ಲೋ ಟೇಲರ್ (1856-1915) ಅನುಕೂಲವಂತರ ಮನೆಯ ಮಗ. ಹಾರ್ವರ್ಡ್ ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣನಾದರೂ ಕಣ್ಣಿನ ತೊಂದರೆಯಿಂದ ಕಾಲೇಜು ಸೇರದೆ, ಪಂಪ್ ತಯಾರಿಸುವ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆದನು. 1878ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆ ಸೇರಿ, ಲೇತ್ ನಡೆಸಿ, ಮುಂದೆ ಮೇಸ್ತ್ರಿಯಾದನು. ಅಲ್ಲಿನ ಕೆಲಸಗಾರರು ದಿನಕ್ಕೆ ಇಷ್ಟೇ ಕೆಲಸ ಎಂದು ತಮ್ಮೊಳಗೆ ಗೊತ್ತುಮಾಡಿಕೊಂಡಿದ್ದರು. ಹೆಚ್ಚು ಮಾಡಿ ತೋರಿಸಿದರೆ ಮಾಲೀಕರು ತುಂಡಿನ ದರವನ್ನೇ ಇಳಿಸುತ್ತಾರೆ ಎಂಬ ಭಯ ಅವರದು. ಅದು ಸುಳ್ಳು ಭಯವೇನೂ ಆಗಿರಲಿಲ್ಲ. ಟೇಲರನಿಗೂ ಅವರಿಗೂ ವರ್ಷಗಟ್ಟಲೆ ಜಗಳ ನಡೆಯಿತು. ಯಂತ್ರ ನಿಜವಾಗಿ ಎಷ್ಟು ಕೆಲಸ ಮಾಡಬಲ್ಲದು ಎಂಬುದು ಆಡಳಿತದವರಿಗೂ ತಿಳಿದಿರಲಿಲ್ಲ. ಅದನ್ನು ಅಳೆಯಲು ಅವನು ಕಂಪನಿಯ ಅಧ್ಯಕ್ಷ ವಿಲಿಯಂ ಸೆಲ್ಲರ್ಸ್‌ರ ಅನುಮತಿ ಪಡೆದು 1880ರಲ್ಲಿ ಪ್ರಯೋಗ ಆರಂಭಿಸಿದನು.

ಆರು ತಿಂಗಳಲ್ಲಿ ಮುಗಿಯುವುದೆಂದು ಎಣಿಸಿದ ಕೆಲಸ 26 ವರ್ಷ ಹಿಡಿಯಿತು! ದಾಖಲಾದ ಪ್ರಯೋಗಗಳೇ 30,000ದಿಂದ 50,000. ಚೂರಾಗಿ ಹೋದ ಉಕ್ಕು, ಕಬ್ಬಿಣ 8 ಲಕ್ಷ ಪೌಂಡಿಗೂ ಹೆಚ್ಚು, ಅಂದರೆ ಸುಮಾರು 360 ಟನ್. ಟೂಲಿನ ಮೊನೆ ದುಂಡಗಿದ್ದರೆ ಹೆಚ್ಚು ವೇಗ ತಾಳುತ್ತದೆ ಎಂಬುದು ಮೊದಮೊದಲಿಗೆ ತಿಳಿದ ಸಂಗತಿಗಳಲ್ಲೊಂದು. ಕತ್ತರಿಸುವ ಜಾಗಕ್ಕೆ ಧಾರಾಳವಾಗಿ ನೀರು ಸುರಿದರೆ ವೇಗವನ್ನು ನೂರಕ್ಕೆ 30-40ರಷ್ಟು ಏರಿಸಬಹುದೆಂದೂ ಕಂಡುಬಂತು. 1884ರಲ್ಲಿ ಮಿಡ್‌ವೇಲ್‌ನ ಹೊಸ ವರ್ಕ್‌ಶಾಪಿನಲ್ಲಿ ಯಂತ್ರಗಳಿಗೆಲ್ಲ ತುಕ್ಕು ಹಿಡಿಯದಂತೆ ಸೋಡಾ ಬೆರೆಸಿದ ನೀರಿನ ವ್ಯವಸ್ಥೆಯಾಯಿತು. ನೋಡಲು ಬಂದವರಿಗೆ ಯಾರೂ ಬಾಗಿಲು ಹಾಕಲಿಲ್ಲ. ಆದರೂ ಹದಿನೈದು ವರ್ಷ ಇತರ ಕಾರ್ಖಾನೆಗಳು ಹೆಚ್ಚುಕಡಿಮೆ ಅದನ್ನು ಅನುಸರಿಸಲೇ ಇಲ್ಲ. ಕಣ್ಣೆದುರಿನ ವಿದ್ಯೆಯನ್ನೂ ನೋಡದೆ ಹೋಗುವುದು ಮನುಷ್ಯನ ಹಳೆಯ ಅಭ್ಯಾಸವೇ ಇರಬೇಕು.

1898ರ ನಂತರ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಟೇಲರ್ ಮತ್ತು ಮಾನ್ಸೆಲ್ ವೈಟ್ ಇನ್ನೊಂದು ವಿಚಿತ್ರವನ್ನು ಕಂಡರು. ಹೆಚ್ಚು ಕಾಸಿದರೆ ಟೂಲ್ ಕೆಡುತ್ತದೆ ಎಂಬುದು ಕಮ್ಮಾರರ ನಂಬಿಕೆ. ಒಂದು ಮಟ್ಟದವರೆಗೆ ಅದು ನಿಜವೂ ಹೌದು. ಆದರೆ ಟಂಗ್‌ಸ್ಟನ್, ಕ್ರೋಮಿಯಂ ಬೆರೆತ ಉಕ್ಕನ್ನು ಆ ಮಟ್ಟವನ್ನೂ ದಾಟಿಸಿ, ಕರಗುವ ಹಂತದ ಸಮೀಪದವರೆಗೆ ಕಾಸಿದಾಗ ಅದು ಕೆಂಪಗೆ ಕಾದರೂ ಹರಿತ ಬಿಡದ ಟೂಲ್ ಆಯಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇದನ್ನು ಕಂಡವರು ಬೆರಗಾದರು. ಇದೇ ಹೈಸ್ಪೀಡ್ ಸ್ಟೀಲ್.

1906ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಟೇಲರ್ ತನ್ನ ಪ್ರಬಂಧವನ್ನು ಮಂಡಿಸಿದನು. ಟೂಲಿನ ಆಯುಷ್ಯವನ್ನು ಎಲ್ಲಕ್ಕಿಂತ ಹೆಚ್ಚಾಗಿ ತಿನ್ನುವುದು ವೇಗ ಎಂಬ ಮಾತಿಗೆ ಅದರಲ್ಲಿ ಲೆಕ್ಕವಿತ್ತು. ಹೈಸ್ಪೀಡ್ ಸ್ಟೀಲ್ ಟೂಲಿನಲ್ಲಿ ವೇಗವನ್ನು ನೂರಕ್ಕೆ ಎಂಟರಷ್ಟು ಇಳಿಸಿದರೆ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದ್ದರಿಂದಲೇ ಇಂದಿಗೂ ಬೇಗ ಲೋಹ ತೆಗೆಯಬೇಕಾದರೆ ಮೊದಲು ಕಟ್‌ನ ಆಳ, ನಂತರ ಫೀಡ್, ಕೊನೆಗೆ ವೇಗ ಹೆಚ್ಚಿಸಿ ಎಂದು ಕಲಿಸುತ್ತಾರೆ. ಹನ್ನೆರಡು ಅಂಶಗಳ ಈ ಲೆಕ್ಕ ಕಾಗದದ ಮೇಲೆ ಬಿಡಿಸಲು ಬಹಳ ಕಷ್ಟ. ಕಾರ್ಲ್ ಬಾರ್ತ್ ಎಂಬ ಗಣಿತಜ್ಞ ಅದಕ್ಕಾಗಿ ವಿಶೇಷ ಸ್ಲೈಡ್ ರೂಲ್ ಮಾಡಿಕೊಟ್ಟನು.

ಆ ಸ್ಲೈಡ್ ರೂಲ್ ಇದ್ದದ್ದು ಯೋಜನಾ ಕಚೇರಿಯ ಮೇಜಿನ ಮೇಲೆ. ವೇಗ, ಫೀಡ್‌ಗಳು ಚೀಟಿಯಲ್ಲಿ ಬರೆದು ಬರತೊಡಗಿದಾಗ ಟರ್ನರನಿಗೆ ಉಳಿದದ್ದು ಅದರಂತೆ ನಡೆಯುವುದು ಮಾತ್ರ. ಟೇಲರನ ವಿಜ್ಞಾನವನ್ನು ನಾನು ಮೆಚ್ಚುತ್ತೇನೆ, ಈ ಏರ್ಪಾಡನ್ನು ಮೆಚ್ಚಲಾರೆ. 1911ರಲ್ಲಿ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಗಡಿಯಾರ ಹಿಡಿದು ಕೆಲಸ ಅಳೆಯಲು ಬಂದಾಗ ಎರಕದ ಕೆಲಸಗಾರರು ಮುಷ್ಕರ ಹೂಡಿದರು. 1915ರಲ್ಲಿ ಅಮೆರಿಕದ ಸಂಸತ್ತು ಸೈನ್ಯದ ಹಣದಿಂದ ಹಾಗೆ ಅಳೆಯುವುದನ್ನೇ ನಿಷೇಧಿಸಿತು.

1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಕಂಪನಿ ಕಾರ್ಬೈಡ್ ಟೂಲನ್ನು ಮಾರುಕಟ್ಟೆಗೆ ತಂದಿತು. ಈಗ ಇನ್‌ಸರ್ಟ್ ಡಬ್ಬಿಯ ಮೇಲೆಯೇ ವೇಗ ಮತ್ತು ಫೀಡ್ ಅಚ್ಚಾಗಿರುತ್ತವೆ. ನಿಮ್ಮ ಲೇತ್ ಹಳೆಯದೋ, ಹಿಡಿದ ಕೆಲಸ ಅದುರುತ್ತದೋ ಎಂಬುದು ಮಾತ್ರ ಆ ಡಬ್ಬಿಗೆ ಗೊತ್ತಿಲ್ಲ. ಅದುರುವಿಕೆಯೂ ಟೇಲರನ ಹನ್ನೆರಡು ಅಂಶಗಳಲ್ಲಿ ಒಂದಾಗಿತ್ತು. ಅದನ್ನು ಉಸ್ತಾದರು ಇಂದಿಗೂ ಶಬ್ದ ಕೇಳಿಯೇ ಹೇಳುತ್ತಾರೆ.