ಒಂದೇ ಕೋಣೆಯ ಕನ್ನಡ ಸಾಲಿ

ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗ್ಗೆ 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಒಂದು ದೊಡ್ಡ ಪುಸ್ತಕ ಪ್ರಕಟಿಸಿದ. ಚಿತ್ರಗಳು ಪಿಗೂ, ನೀಲ್, ಬಿಗ್ಸ್ ಎಂಬ ಮೂವರವು. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯೂಸನ್‌ರದು. ಗದಗ, ಲಕ್ಕುಂಡಿ, ಡಂಬಳದ ಗುಡಿಗಳು ಅದರಲ್ಲಿ ಕಂಬ ಕಂಬವಾಗಿ ಮೂಡಿವೆ. ಊರಿನ ಸಾಲಿಯತ್ತ ಕ್ಯಾಮೆರಾ ತಿರುಗಿಸುವ ಯೋಚನೆ ಆಗ ಯಾರಿಗೂ ಬಂದಿರಲಿಕ್ಕಿಲ್ಲ. ಈಗಲೂ ಸ್ಥಿತಿ ಬಹಳ ಬದಲಾಗಿಲ್ಲ. ಕ್ಯಾಮೆರಾ ಹಿಡಿದು ಬಂದವರು ಸೂಡಿಯ ಜೋಡು ಕಳಸ, ಗಜೇಂದ್ರಗಡದ ಕಾಲಕಾಲೇಶ್ವರ, ನರಗುಂದದ ಗುಡ್ಡ ನೋಡಿಕೊಂಡು ಹೋಗುತ್ತಾರೆ. ಹನುಮಪ್ಪನ ಗುಡಿಯ ಮಗ್ಗುಲಿಗೆ ಕಿಟಕಿ ಮುರಿದು ನಿಂತ ಹಳೆಯ ಸಾಲಿಯ ಒಂದು ಕೋಣೆ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಗುಡಿಯ ಮಗ್ಗುಲಲ್ಲೇ ಹುಡುಕಬೇಕು ಎಂಬುದಕ್ಕೆ ಕಾರಣವಿದೆ. ಸರಕಾರ ಕಟ್ಟಡ ಕಟ್ಟುವ ಮೊದಲು ಸಾಲಿ ನಡೆಯುತ್ತಿದ್ದದ್ದು ಮಠದ ಪಡಸಾಲೆಯಲ್ಲಿ, ಗುಡಿಯ ಕಟ್ಟೆಯ ಮೇಲೆ, ಚಾವಡಿಯಲ್ಲಿ. ಇವಕ್ಕೆ ಗಾಂವಠಿ ಶಾಲೆ ಎಂಬ ಹೆಸರು. ಉಸುಕಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದು, ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಒಕ್ಕೊರಲಿನಿಂದ ಒಪ್ಪಿಸುವುದು, ದೊಡ್ಡ ಹುಡುಗರು ಸಣ್ಣವರಿಗೆ ಕಲಿಸುವುದು, ಇಷ್ಟೇ ಅಲ್ಲಿಯ ವ್ಯವಸ್ಥೆ. ಕೊನೆಯದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಮದರಾಸಿನ ಜಗಲಿ ಶಾಲೆಯಲ್ಲಿ ಮಕ್ಕಳು ಮರಳ ಮೇಲೆ ಬರೆಯುವುದನ್ನು ಕಂಡ ಆಂಡ್ರ್ಯೂ ಬೆಲ್, ಹುಡುಗರಿಂದಲೇ ಹುಡುಗರಿಗೆ ಕಲಿಸುವ ಪದ್ಧತಿಯ ಬಗ್ಗೆ 1797ರಲ್ಲಿ ಪುಸ್ತಕ ಬರೆದ. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳು ಅದನ್ನೇ ಹಿಡಿದು ಬೆಳೆದವು.

ಸ್ವಂತ ಕಟ್ಟಡದ ಕಥೆ ಕಂದಾಯದಿಂದ ಶುರುವಾಗುತ್ತದೆ. 1858ರಲ್ಲಿ ನರಗುಂದದ ಬಾಬಾಸಾಹೇಬ ದಂಗೆ ಎದ್ದು, ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಕೊಲೆಯಾಗಿ, ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಸಂಸ್ಥಾನವೂ ಅದರ ಕಂದಾಯವೂ ಕಂಪನಿಯ ಕೈಗೆ ಹೋದವು. ಮುಂದಿನ ದಶಕದಲ್ಲಿ ಮುಂಬಯಿ ಸರಕಾರ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಉಪಕರ ಹಾಕಿತು. ಅದರಲ್ಲಿ ಮೂರರಲ್ಲಿ ಒಂದು ಪಾಲು ಶಾಲೆಗಳಿಗೆ, ಉಳಿದದ್ದು ರಸ್ತೆಗಳಿಗೆ. ಹತ್ತಿ, ಜೋಳ ಬೆಳೆದ ರೈತನ ಆಣೆಯೇ ಈ ಸಾಲಿಗಳ ಗೋಡೆಗಳಲ್ಲಿದೆ ಎನ್ನಲು ಅಡ್ಡಿಯಿಲ್ಲ.

ದುಡ್ಡು ಬಂದರೂ ಕನ್ನಡ ತಾನಾಗಿ ಬರಲಿಲ್ಲ. ಶಾಲೆಗಳಲ್ಲಿ ಮರಾಠಿಯದೇ ಮೇಲುಗೈಯಾಗಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪ (1834–1881) ಮತ್ತು ಶಿಕ್ಷಣಾಧಿಕಾರಿ ರಸೆಲ್ ಬೆನ್ನು ಹತ್ತಿದ್ದರಿಂದ ಕನ್ನಡ ಸಾಲಿಗಳು ಹಳ್ಳಿಗೆ ಇಳಿದವು. ಮುಲ್ಕಿ ಪರೀಕ್ಷೆ ಪಾಸಾದವನಿಗೆ ಮಾಸ್ತರಿಕೆ ಸಿಗತೊಡಗಿತು. ಶಿಶುನಾಳ ಷರೀಫರೂ ಕೆಲಕಾಲ ಮಾಸ್ತರರೇ. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ತಂದೆಯೂ ಶಿಕ್ಷಕರು.

ಕಟ್ಟಡವನ್ನು ಓದುವುದು ಒಂದು ವಿದ್ಯೆ. ಗಜೇಂದ್ರಗಡದ ಗುಡ್ಡದ ಸೆರಗಿನ ಊರುಗಳಲ್ಲಿ ಕಲ್ಲಿಗೆ ಬರವಿಲ್ಲ, ಗೋಡೆ ನೆಟ್ಟಗೆ ನಿಂತಿರುತ್ತದೆ. ರೋಣ, ನರಗುಂದದ ಎರಿಭೂಮಿಯ ಕಥೆಯೇ ಬೇರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣು ಅಡಿಪಾಯವನ್ನು ವರ್ಷವರ್ಷವೂ ಅಲುಗಿಸುತ್ತದೆ. ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಹರಿದ ಬಿರುಕು ಅದರ ಗುರುತು. ಮಾಡಿಗೆ ಮಂಗಳೂರು ಹಂಚಿದ್ದರೆ ಆ ಮಾಡು 1865ಕ್ಕಿಂತ ಈಚಿನದು, ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರಖಾನೆ ಶುರುವಾದದ್ದೇ ಆ ವರ್ಷ. ಮಣ್ಣಿನ ಮೇಲ್ಮುದ್ದಿಯಾದರೆ ಕಾಲ ಹೇಳುವುದು ಕಷ್ಟ. ಒಳಗೆ ಬೆಳಕಿಂಡಿಯಿಂದ ಬೀಳುವ ಬಿಸಿಲು ಒಂದೇ ಕಡೆ ಕಣ್ಣು ಕುಕ್ಕುತ್ತದೆ, ಉಳಿದದ್ದೆಲ್ಲ ಕತ್ತಲು. ಅಲ್ಲಿ ಕ್ಯಾಮೆರಾಕ್ಕೆ ಸ್ಟ್ಯಾಂಡ್ ಬೇಕೇ ಬೇಕು. ನೋಡಬೇಕಾದದ್ದು ಗೋಡೆಗೇ ಬಳಿದ ಕರಿಹಲಗೆ. ಅದು ನೆಲಕ್ಕೆ ಎಷ್ಟು ಹತ್ತಿರವಿದೆ ಎಂಬುದರಿಂದಲೇ ಅದರ ಮುಂದೆ ಬಿನ್ನೆತ್ತಿಯ ಸಣ್ಣ ಮಕ್ಕಳು ಕೂರುತ್ತಿದ್ದರೋ ನಾಲ್ಕನೆಯ ಇಯತ್ತೆಯವರೋ ಎಂದು ಊಹಿಸಬಹುದು.

ಇಂಥ ಕೋಣೆಗಳು ಬಿಟ್ಟುಹೋದದ್ದಕ್ಕೆ ಅಲಕ್ಷ್ಯವೊಂದನ್ನೇ ದೂರುವುದು ಸರಿಯಲ್ಲ. 1987ರಲ್ಲಿ ಬಂದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಇರಬೇಕೆಂದಿತು. ಮಕ್ಕಳಿಗೆ ಒಳ್ಳೆಯದೇ ಆಯಿತು. ಹೊಸ ಕೋಣೆ ಎದ್ದ ಮೇಲೆ ಹಳೆಯದು ಉಗ್ರಾಣವಾಯಿತು. ಮುಂದೆ ಬಿಸಿಯೂಟ ಬಂದಾಗ ಕೆಲವು ಕಡೆ ಅಡುಗೆಮನೆಯೂ ಆಗಿ, ಕರಿಹಲಗೆ ಹೊಗೆಯಲ್ಲಿ ಗೋಡೆಯ ಜೊತೆ ಒಂದಾಯಿತು. ಮಲಪ್ರಭೆಯ ದಂಡೆಯಲ್ಲಿ ಹೊಳೆಯೇ ಕೆಲಸ ಮುಗಿಸಿತು. 2009ರ ನೆರೆಯ ನಂತರ ಕೆಲವು ಊರುಗಳನ್ನು ಎತ್ತರದ ನವಗ್ರಾಮಗಳಿಗೆ ಸಾಗಿಸಲಾಯಿತು. ಅದೇ ದಂಡೆಯ ಕೊಣ್ಣೂರಿಗೆ 2019ರಲ್ಲಿ ಮತ್ತೆ ನೀರು ನುಗ್ಗಿತು.

ಚಿತ್ರ ತೆಗೆಯುವವರಿಗೆ ಹೇಳಬೇಕಾದದ್ದು: ಮೊದಲು ಮುಖ್ಯೋಪಾಧ್ಯಾಯರನ್ನು ಕಂಡು ಜನರಲ್ ರಜಿಸ್ಟರ್ ಕೇಳಿ. ಹಳೆಯ ಪುಟಗಳು ಉಳಿದಿದ್ದರೆ ಅಲ್ಲಿಯ ಮೊದಲ ದಾಖಲೆ ಗೋಡೆಯ ಫಲಕಕ್ಕಿಂತ ನಂಬಿಕಸ್ಥ. ಇನ್ನೊಂದು, ಗದಗ ಜಿಲ್ಲೆಯಾದದ್ದು 1997ರಲ್ಲಿ, ಗಜೇಂದ್ರಗಡ ತೀರ ಈಚಿನವರೆಗೆ ರೋಣ ತಾಲೂಕಿನಲ್ಲೇ ಇತ್ತು. ಅಲ್ಲಿಯ ಸಾಲಿಯ ಹಳೆಯ ಕಡತ ಬೇಕಾದವರು ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ್ಯ ಎಂಬ ಹೆಸರಿನಡಿ ಹುಡುಕಬೇಕು.